ಇಸ್ಪೀಟೆಲೆಯ ಶ್ರುತಿ

ಜಾರ್ಜ್ ಬಿಜೆಯ ‘ಕಾರ್ಮೆನ್’ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಮೊದಲ ಅಂಕದ ‘ಹಬನೇರಾ’. ನನಗೆ ಮಾತ್ರ ಆ ಆಪೆರಾದ ಜೀವ ಕಾಣುವುದು ಮೂರನೆಯ ಅಂಕದ ಇಸ್ಪೀಟಿನ ದೃಶ್ಯದಲ್ಲಿ. ಕಳ್ಳಸಾಗಣೆಯವರು ರಾತ್ರಿ ಬೆಟ್ಟದ ನಡುವೆ ತಂಗಿದ್ದಾರೆ. ಫ್ರಾಸ್ಕಿತಾ, ಮೆರ್ಸೆದೆಸ್ ಎಂಬ ಗೆಳತಿಯರಿಬ್ಬರು ಎಲೆ ಕಲಸಿ ಭವಿಷ್ಯ ನೋಡುತ್ತಾರೆ. ಒಬ್ಬಳಿಗೆ ಹರೆಯದ ಪ್ರಿಯಕರ. ಇನ್ನೊಬ್ಬಳಿಗೆ ದುಡ್ಡಿನ ಮುದುಕ. ಅವನು ಸತ್ತು ಆಸ್ತಿಯನ್ನೂ ಬಿಟ್ಟುಹೋಗುತ್ತಾನಂತೆ! ಕಾರ್ಮೆನ್ ಎಲೆ ತೆಗೆದರೆ ಡೈಮಂಡು, ಇಸ್ಪೀಟು, ಸಾವು. ಮೊದಲು ತನಗೆ, ಆಮೇಲೆ ಅವನಿಗೆ.

ಗೆಳತಿಯರ ಪಲ್ಲವಿ ಎಫ್ ಮೇಜರಿನಲ್ಲಿದೆ, ಕಾರ್ಮೆನ್ನಳ ಹಾಡು ಎಫ್ ಮೈನರಿನಲ್ಲಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜ ಕದಲುವುದಿಲ್ಲ, ಗಾಂಧಾರ ಇಳಿಯುತ್ತದೆ. ಅವರ ಕೀಗೂ ನಮ್ಮ ರಾಗಕ್ಕೂ ಹೋಲಿಕೆ ಇಷ್ಟಕ್ಕೇ ನಿಲ್ಲಬೇಕು, ಮುಂದೆ ಎಳೆದರೆ ಹರಿಯುತ್ತದೆ. ಆದರೂ ಇಷ್ಟು ಸಾಕು: ಅದೇ ಬೆಟ್ಟ, ಅದೇ ಎಲೆ, ಅದೇ ಷಡ್ಜ, ಒಬ್ಬಳಿಗೆ ಮಾತ್ರ ಬೆಳಕು ಆರಿದೆ. ಕೊನೆಯಲ್ಲಿ ಗೆಳತಿಯರ ಕುಣಿಯುವ ಪಲ್ಲವಿ ಮರಳಿ ಬಂದಾಗ ಅದರ ಅಡಿಯಲ್ಲಿ ಇವಳು ಸಾವು, ಸಾವು ಎನ್ನುತ್ತಲೇ ಇರುತ್ತಾಳೆ. ಅವರಿಗೆ ಅದು ಕೇಳಿಸಿದಂತೆ ಕಾಣದು.

ಈ ಹಾಡಿಗೆ ಬಿಜೆ ಕೊಟ್ಟ ಕಾಲ ‘ಆಂದಾಂತೆ ಮೋಲ್ತೋ ಮೊದೆರಾತೋ’, ಅಂದರೆ ನಡಿಗೆಯ ಗತಿ, ಅದೂ ಬಹಳ ಹಿಡಿತದಲ್ಲಿ. ಜೊತೆಗೆ ಗಾಯಕಿಗೊಂದು ಸೂಚನೆ: ಸರಳವಾಗಿ, ತೀರ ಸಮವಾಗಿ. ಅಳಬೇಡ, ನಾಟಕ ಮಾಡಬೇಡ ಎಂದೇ ಇದರ ಅರ್ಥ. ಎಲೆ ಸುಳ್ಳು ಹೇಳುವುದಿಲ್ಲ, ಇಪ್ಪತ್ತು ಸಲ ಕಲಸಿದರೂ ಅದೇ ಬರುತ್ತದೆ ಎಂದು ಕಾರ್ಮೆನ್ ಲೆಕ್ಕ ಓದುವವಳಂತೆ ಹಾಡಬೇಕು. ಹಲವು ಗಾಯಕಿಯರು ಇಲ್ಲಿ ಗತಿಯನ್ನು ಎಳೆದೆಳೆದು ಶೋಕಗೀತೆ ಮಾಡಿಬಿಡುತ್ತಾರೆ. ಎಳೆದಷ್ಟೂ ಭಯ ಕಡಿಮೆಯಾಗುತ್ತದೆ ಎಂಬುದು ನನ್ನ ಅನಿಸಿಕೆ.

‘ಕಾರ್ಮೆನ್’ ಪ್ಯಾರಿಸ್ಸಿನ ಒಪೆರಾ ಕಾಮಿಕ್‌ನಲ್ಲಿ ಮೊದಲು ಆಡಿದ್ದು 1875ರ ಮಾರ್ಚ್ 3ರಂದು. ಪ್ರೇಕ್ಷಕರು ತಣ್ಣಗಿದ್ದರು, ವಿಮರ್ಶಕರು ಬೈದರು. ಸರಿಯಾಗಿ ಮೂರು ತಿಂಗಳಿಗೆ, ಜೂನ್ 3ರ ನಸುಕಿಗೆ ಮುನ್ನ, ಬಿಜೆ ಬೂಜಿವಾಲ್‌ನಲ್ಲಿ ತೀರಿಕೊಂಡ. ವಯಸ್ಸು 36. ಆ ರಾತ್ರಿ ಪ್ಯಾರಿಸ್ಸಿನಲ್ಲಿ ‘ಕಾರ್ಮೆನ್’ ನಡೆದಿತ್ತು. ಇಸ್ಪೀಟಿನ ದೃಶ್ಯದಲ್ಲಿ ನಾಯಕಿ ಗಾಲಿ ಮಾರಿಯೆಗೆ ಏನೋ ಕೇಡಿನ ಭಾವ ಕವಿದು, ಹಾಡಿ ಮುಗಿಸುವುದೇ ಕಷ್ಟವಾಯಿತೆಂದು ಹೇಳುತ್ತಾರೆ. ಇಂಥ ಕತೆಗಳು ಸಾವಿನ ಸುದ್ದಿ ಬಂದ ಮೇಲೆ ಬೆಳೆಯುತ್ತವೆ. ಆದರೆ ಕತೆ ಹುಟ್ಟಲು ಬೇರಾವ ಹಾಡನ್ನೂ ಆರಿಸಿಕೊಳ್ಳದೆ ಇದನ್ನೇ ಆರಿಸಿಕೊಂಡಿತಲ್ಲ!

ಇನ್ನು ಧ್ವನಿಮುದ್ರಿಕೆಗಳ ಮಾತು. 1964ರಲ್ಲಿ ಜಾರ್ಜ್ ಪ್ರೆತ್ರ್ ನಿರ್ದೇಶನದಲ್ಲಿ ಮರಿಯಾ ಕಲಾಸ್ ಪ್ಯಾರಿಸ್ಸಿನಲ್ಲಿ ಇಡೀ ‘ಕಾರ್ಮೆನ್’ ಹಾಡಿದಳು. ರಂಗದ ಮೇಲೆ ಆ ಪಾತ್ರವನ್ನು ಅವಳು ಎಂದೂ ಮಾಡಲಿಲ್ಲ. ಅವಳ ಕೆಳಸ್ಥಾಯಿಯ ಕಪ್ಪು ದನಿ ಮೈ ಜುಮ್ಮೆನಿಸುತ್ತದೆ, ನಿಜ. ಅದಕ್ಕೂ ಮುಂಚೆ, 1958–59ರಲ್ಲಿ, ಥಾಮಸ್ ಬೀಚಮ್ ಜೊತೆ ಹಾಡಿದ ವಿಕ್ತೋರಿಯಾ ದೆ ಲೋಸ್ ಆಂಹೆಲೆಸ್ ಬಿಜೆಯ ‘ಸಮವಾಗಿ’ ಎಂಬ ಮಾತಿಗೆ ಹೆಚ್ಚು ಹತ್ತಿರ. ನನ್ನ ಮತ ಇವಳಿಗೆ.

ಹಳೆಯ ತಟ್ಟೆಗಳಲ್ಲಿ ತೊಡಕು ಬೇರೆ. 1911ರಲ್ಲಿ ಪಾಥೆ ಕಂಪನಿ ಫ್ರಾಂಸ್ವಾ ರೂಲ್ಮನ್ ನಿರ್ದೇಶನದಲ್ಲಿ ಇಡೀ ‘ಕಾರ್ಮೆನ್’ ಮುದ್ರಿಸಿತು. ಆಗ ವೇಗಕ್ಕೆ ನೆಲೆಯಿರಲಿಲ್ಲ. ನಿಮಿಷಕ್ಕೆ 90 ಸುತ್ತಿನಲ್ಲಿ ಮುದ್ರಿಸಿದ ತಟ್ಟೆಯನ್ನು 78ರಲ್ಲಿ ತಿರುಗಿಸಿದರೆ ಹಾಡು ನಿಧಾನವಾಗುವುದಷ್ಟೇ ಅಲ್ಲ, ಸುಮಾರು ಎರಡೂವರೆ ಸ್ವರಸ್ಥಾನ ಕೆಳಗಿಳಿಯುತ್ತದೆ, ಗಾಯಕಿ ಗಂಡಸಾಗತೊಡಗುತ್ತಾಳೆ. ಕಾಲ, ಶ್ರುತಿ, ಭಾವ ಮೂರೂ ಒಂದೇ ಮೋಟಾರಿಗೆ ಕಟ್ಟಿಹಾಕಿಕೊಂಡಿವೆ.

ಪಾರಾಗುವ ದಾರಿಯೂ ಅಲ್ಲೇ ಇದೆ. ಫ್ರಾನ್ಸಿನ ಸರಕಾರ 1859ರಲ್ಲೇ ‘ಎ’ ಸ್ವರಕ್ಕೆ ಸೆಕೆಂಡಿಗೆ 435 ಕಂಪನವೆಂದು ಕಟ್ಟುಮಾಡಿತ್ತು. ಆ ಲೆಕ್ಕದಲ್ಲಿ ಅದರ ಕೆಳಗಿನ ‘ಎಫ್’ 345ರ ಆಸುಪಾಸು. ಗಾಯಕಿ ಶ್ರುತಿ ಇಳಿಸಿಕೊಂಡಿಲ್ಲ, ವಾದ್ಯಗಳೂ ಆ ಕಟ್ಟಿಗೇ ನಿಂತಿವೆ ಎಂದಿಟ್ಟುಕೊಂಡರೆ, ಕಾರ್ಮೆನ್ನಳ ಷಡ್ಜ ಅಲ್ಲಿಗೆ ಬಂದು ಕೂರುವ ತನಕ ವೇಗದ ತಿರುಪನ್ನು ಸ್ವಲ್ಪಸ್ವಲ್ಪವೇ ತಿರುಗಿಸಬೇಕು. ಷಡ್ಜ ಕೂತರೆ 1911ರ ಆ ದಿನ ರೂಲ್ಮನ್ ಹಿಡಿದಿದ್ದ ಕಾಲವೂ ಕೇಳುತ್ತದೆ.