ದವಾಖಾನೆಯ ಹೊರಗೆ ಕುಳಿತವರು

‘ನಿನ್ನನ್ನ ಧಾರವಾಡಕ್ಕ ಕಳಸಬೇಕು ನೋಡು.’ ನಾವು ಹುಡುಗರಾಗಿದ್ದಾಗ ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಇದು ಚೇಷ್ಟೆಯ ಮಾತು. ಧಾರವಾಡವೆಂದರೆ ಪೇಢೆ, ಕಾಲೇಜು, ಕವಿಗಳು ಎಂದು ತಿಳಿದದ್ದು ಆಮೇಲೆ. ಮೊದಲು ತಿಳಿದದ್ದು ಬೆಳಗಾವಿ ರಸ್ತೆಯ ಆ ದೊಡ್ಡ ದವಾಖಾನೆ. ಒಬ್ಬ ಹೆಣ್ಣುಮಗಳ ಎದುರು ಮಾತ್ರ ಯಾರೂ ಈ ಮಾತು ಆಡುತ್ತಿರಲಿಲ್ಲ. ಆಕೆಯ ಗಂಡ ಕುಡಿತಕ್ಕೆ ಬಿದ್ದಿದ್ದ. ಮಗ ಹತ್ತು ತುಂಬಿದರೂ ಮಾತಾಡುತ್ತಿರಲಿಲ್ಲ.

ಇಂದು ಡಿಮ್ಹಾನ್ಸ್ ಎನಿಸಿಕೊಂಡಿರುವ ಆ ದವಾಖಾನೆ ಶುರುವಾದದ್ದು 1845ರಲ್ಲಿ, ಧಾರವಾಡ ಮುಂಬಯಿ ಪ್ರಾಂತದಲ್ಲಿದ್ದಾಗ. 1858ರ ಕಾನೂನು, ಅದರ ಬಳಿಕ 1912ರ ಕಾಯ್ದೆ, ಎರಡೂ ‘ಲ್ಯೂನಾಟಿಕ್’ ಎಂಬ ಒಂದೇ ಶಬ್ದದೊಳಗೆ ಮನಸ್ಸು ಕೆಟ್ಟವನನ್ನೂ ಬುದ್ಧಿ ಬೆಳೆಯದವನನ್ನೂ ತುಂಬಿದವು. ಮನೆಯವರಿಗೆ ಅಲ್ಲಿದ್ದದ್ದು ಅರ್ಜಿದಾರರ ಪಾತ್ರ. ಗಂಡನೋ ಹೆಂಡತಿಯೋ ಬಂಧುವೋ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಿಡಿದು ನಿಲ್ಲಬೇಕು, ಆದೇಶವಾದ ಮೇಲೆ ಊರಿಗೆ ಹೋಗಬೇಕು. ಒಳಗಿನವನಿಗೆ ವೈದ್ಯರಿದ್ದರು. ಹೊರಗಿನವರಿಗೆ?

ಈ ಪ್ರಶ್ನೆಯನ್ನು ಮೊದಲು ಕೈಗೆತ್ತಿಕೊಂಡವರಲ್ಲಿ ಒಬ್ಬರು ದೂರದ ಅಮೃತಸರದ ಡಾ. ವಿದ್ಯಾಸಾಗರ್. 1950ರ ದಶಕದಲ್ಲಿ ಅವರು ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನೂ ಉಳಿಸಿಕೊಂಡರು. ಕಾಯಿಲೆ ಏನು, ಹೇಗೆ ನೋಡಿಕೊಳ್ಳಬೇಕು ಎಂದು ಅವರೆಲ್ಲರ ನಡುವೆ ಕುಳಿತು ಹೇಳಿದರು. ಬೆಂಗಳೂರಿನಲ್ಲೂ ವೆಲ್ಲೂರಿನಲ್ಲೂ ಕುಟುಂಬದವರು ರೋಗಿಯ ಜೊತೆಗಿರುವ ಪದ್ಧತಿ ಮುಂದೆ ಬೇರೂರಿತು. ಕುಡುಕರ ಮನೆಯವರು ತಮ್ಮದೇ ಗುಂಪು ಕಟ್ಟಿಕೊಳ್ಳುವ ಅಲ್-ಅನಾನ್ ಅಮೆರಿಕದಲ್ಲಿ ಹುಟ್ಟಿದ್ದೂ 1951ರಲ್ಲೇ. ಪಾನನಿರೋಧದ ಕಥೆ ಬೇರೆ. 1949ರ ಮುಂಬಯಿ ಕಾನೂನನ್ನು ನಮ್ಮ ಜಿಲ್ಲೆ ಕಂಡಿದೆ, 2007ರ ಜುಲೈ 1ರ ಸಾರಾಯಿ ನಿಷೇಧವನ್ನೂ ಕಂಡಿದೆ. ಎರಡರ ಲಕ್ಷ್ಯವೂ ಅಂಗಡಿಯ ಮೇಲಿತ್ತು.

1987ರ ಮಾನಸಿಕ ಆರೋಗ್ಯ ಕಾಯ್ದೆ ಬುದ್ಧಿಮಾಂದ್ಯವನ್ನು ಮಾನಸಿಕ ರೋಗದ ವ್ಯಾಖ್ಯೆಯಿಂದ ಹೊರಗಿಟ್ಟಿತು. ಇದು ನ್ಯಾಯವೇ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆಟಿಸಂ, ಬುದ್ಧಿಮಾಂದ್ಯ ಮೊದಲಾದವುಗಳಿಗೆ ಪ್ರತ್ಯೇಕ ದಾರಿ ಮಾಡಿತು. 2016ರ ಕಾಯ್ದೆ ಅಂಗವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು. 2017ರ ಕಾಯ್ದೆಯಾದರೋ ಮದ್ಯ, ಮಾದಕ ವಸ್ತುಗಳಿಂದಾಗುವ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯಲ್ಲಿ ಸೇರಿಸಿತು. ಹೀಗೆ ಗಂಡನಿಗೆ ಒಂದು ಕಾಯ್ದೆ, ಮಗನಿಗೆ ಇನ್ನೊಂದು. ಎರಡು ಕಡೆಯ ಸರದಿಯಲ್ಲೂ ನಿಲ್ಲುವವಳು ಒಬ್ಬಳೇ.

ನಮ್ಮ ಓಣಿಗೆ ಆ ಮನೆ ಒಂದಾಗಿಯೇ ಕಾಣುತ್ತಿತ್ತು. ಓಣಿಯನ್ನು ಹೊಗಳಲು ಈ ಮಾತು ಹೇಳುತ್ತಿಲ್ಲ. ಮದುವೆಗೆ ಕರೆಯುವಾಗ ಅದೇ ಮನೆಯ ಮುಂದೆ ಹಾದುಹೋದವರು ನಮ್ಮವರೇ, ನನ್ನ ಮನೆಯವರೂ ಅವರಲ್ಲಿದ್ದರು. ಆದರೆ ಗಂಡನನ್ನು ಧಾರವಾಡಕ್ಕೆ ಕರೆದೊಯ್ದ ದಿನಗಳಲ್ಲಿ ಹುಡುಗನಿಗೆ ಉಣ್ಣಿಸಿದವಳು ಪಕ್ಕದ ಮನೆಯ ಖಾಲಾ. ಅನ್ನ, ಸಾರು ಒಂದಕ್ಕೊಂದು ತಾಗಿದರೆ ಅವನು ತಟ್ಟೆ ದೂಡುತ್ತಾನೆಂದು ಅವಳಿಗೆ ಯಾವ ವೈದ್ಯರೂ ಹೇಳಿರಲಿಲ್ಲ. ಎರಡು ತಟ್ಟೆ ಇಡುತ್ತಿದ್ದಳು.

ಗಂಡ ಹೋದ, ಕೆಲವು ವರ್ಷಗಳ ಮೇಲೆ ಆ ತಾಯಿಯೂ ಹೋದಳು. ಹುಡುಗನ ಗಡ್ಡ ಈಗ ನರೆತಿದೆ. ಊಟ ಖಾಲಾನ ಮನೆಯಲ್ಲೇ. 1999ರ ಕಾಯ್ದೆಯಂತೆ ಇಂಥವರಿಗೆ ಪಾಲಕರನ್ನು ನೇಮಿಸುವುದು ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿ. ಅರ್ಜಿ ಹಾಕಬಹುದಾದವರು ತಂದೆತಾಯಿ, ಬಂಧುಗಳು, ನೋಂದಾಯಿತ ಸಂಸ್ಥೆಗಳು. ಖಾಲಾ ಎಂದು ಓಣಿಯೆಲ್ಲ ಕರೆದರೂ ಆ ಹುಡುಗನಿಗೆ ಅವಳು ಬಂಧುವಲ್ಲ.