ಉಂಗುಷ್ಟ

ಸಂಸ್ಕೃತದ ‘ಅಂಗುಷ್ಠ’ ಎಂದರೆ ಹೆಬ್ಬೆರಳು. ಕೈಯದೂ ಆದೀತು, ಕಾಲಿನದೂ ಆದೀತು. ಕನ್ನಡಿಗರ ಬಾಯಲ್ಲಿ ಅದು ಉಂಗುಟ, ಉಂಗುಷ್ಟ ಆಗಿ ಕಾಲಿಗಿಳಿದು, ಅಲ್ಲಿಂದ ಚಪ್ಪಲಿಗೂ ದಾಟಿತು. ಹೆಬ್ಬೆರಳು ತೂರಿಸುವ ತೊಗಲಿನ ಬಳೆಯೇ ಉಂಗುಷ್ಟ. ಬೆರಳಿನ ಹೆಸರು ಬೆರಳು ಹಿಡಿಯುವ ವಸ್ತುವಿಗೆ ಬಂದದ್ದು ನನಗೆ ಬಹಳ ಇಷ್ಟ.

ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದೊಳಗೆ ಕಾಲಿಗೆ ಸೇಫ್ಟಿ ಶೂ ಬೇಕು. ಹೊರಗೆ, ಕೃಷ್ಣೆಯ ದಂಡೆಯ ಬಿಸಿಲಿಗೆ ಚಪ್ಪಲಿಯೇ ಹಿತ. ಉಂಗುಷ್ಟ ಕಿತ್ತರೆ ಅಟ್ಟೆ ಎಷ್ಟೇ ಗಟ್ಟಿ ಇರಲಿ, ನಡೆಯಲಾಗದು. ಹೊಲಿಯುವವರು ಮೊದಲು ಬೆರಳನ್ನು ತೂರಿಸಿ ನೋಡುತ್ತಾರೆ, ಆಮೇಲೆ ದಬ್ಬಣ ಎತ್ತುತ್ತಾರೆ. ಬಿಗಿಯಾದರೆ ಬೊಬ್ಬೆ, ಸಡಿಲಾದರೆ ಹೆಜ್ಜೆಗೊಮ್ಮೆ ಚಪ್ಪಲಿ ಹಿಂದುಳಿಯುತ್ತದೆ.

ಹಿಮದ ಬೆಟ್ಟವನ್ನು ಸ್ಕೀ ಕಟ್ಟಿಕೊಂಡು ಹತ್ತುವವರದೂ ಇದೇ ಲೆಕ್ಕ. ಬೂಟನ್ನು ಸ್ಕೀಗೆ ಹಿಡಿಸುವ ಪಿನ್ ಬೈಂಡಿಂಗಿನ ಎರಡು ಮೊಳೆಗಳು ಬೂಟಿನ ತುದಿಯ ಎರಡು ಕುಳಿಗಳಲ್ಲಿ ಕೂರುತ್ತವೆ. ಏರುವಾಗ ಹಿಮ್ಮಡಿ ಚಪ್ಪಲಿಯಲ್ಲಿರುವಂತೆ ತಡೆಯಿಲ್ಲದೆ ಏಳುತ್ತದೆ. ಇಳಿಯುವಾಗ ಅದನ್ನೂ ಬಿಗಿಯುತ್ತಾರೆ. ಕುಳಿಯಿಲ್ಲದ ಬೂಟು ಈ ಬೈಂಡಿಂಗಿಗೆ ಒಗ್ಗದು. ಬೂಟಿನ ತುದಿಯ ಆ ಹಿಡಿತಕ್ಕೆ ಕನ್ನಡದಲ್ಲಿ ಹೆಸರು ಕೇಳಿದರೆ ನಾನು ಉಂಗುಷ್ಟ ಎಂದೇ ಹೇಳುತ್ತೇನೆ.