ಮಾತ್ರೆ ಬಿಟ್ಟ ಮೇಲೆ ಮುಟ್ಟು ಮತ್ತು ಗರ್ಭಧಾರಣೆ

ಗರ್ಭನಿರೋಧಕ ಮಾತ್ರೆ ನುಂಗುವುದನ್ನು ನಿಲ್ಲಿಸಿದ ಹೆಂಗಸರಲ್ಲಿ ಅಂಡೋತ್ಪತ್ತಿ, ತಿಂಗಳ ಮುಟ್ಟು ಮತ್ತು ಗರ್ಭ ನಿಲ್ಲುವ ಶಕ್ತಿ ಮೊದಲಿನ ಸ್ಥಿತಿಗೆ ಬರುವ ಪ್ರಕ್ರಿಯೆ. ‘ಮಾತ್ರೆ ತಿಂದರೆ ಮುಂದೆ ಮಕ್ಕಳಾಗುವುದಿಲ್ಲ’ ಎಂಬ ಹೆದರಿಕೆಗೆ ಮಾತ್ರೆಯಷ್ಟೇ ವಯಸ್ಸು. ಅದು ಹುಸಿ ಎಂದು ತಿಳಿಯಲು ವೈದ್ಯಶಾಸ್ತ್ರಕ್ಕೆ ಬಹಳ ಕಾಲ ಹಿಡಿಯಿತು.

ಮಾತ್ರೆ ಬರುವ ಮೊದಲೇ ಸಂತಾನ ನಿಯಂತ್ರಣದ ವಿಚಾರದಲ್ಲಿ ಮೈಸೂರು ಸಂಸ್ಥಾನ ಬಹಳ ಮುಂದಿತ್ತು. 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಅಲ್ಲಿ ಆಜ್ಞೆ ಹೊರಟಿತ್ತು. ಆಗ ಮಾತ್ರೆಯ ಸುಳಿವೂ ಇರಲಿಲ್ಲ. 1950ರ ದಶಕದ ಮೊದಲ ವರ್ಷಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ರಾಮನಗರದಲ್ಲೂ ದೆಹಲಿಯ ಲೋದಿ ಕಾಲೊನಿಯಲ್ಲೂ ಗರ್ಭ ನಿಲ್ಲದ ‘ಸುರಕ್ಷಿತ ದಿನ’ಗಳನ್ನು ಎಣಿಸುವ ಪ್ರಯೋಗ ನಡೆಯಿತು. ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಓದುಬರಹ ಬಾರದ ಹೆಂಗಸರಿಗೆ ದಿನ ಎಣಿಸಲು ಬಣ್ಣದ ಮಣಿಗಳ ಸರ ಕೊಡಿಸಿದರು. ಹಸಿರು ಮಣಿಯ ದಿನ ಭಯವಿಲ್ಲ, ಕೆಂಪು ಮಣಿಯ ದಿನ ದೂರವಿರಬೇಕು. ಪ್ರಯೋಗ ಫಲಿಸಲಿಲ್ಲ. ಎಲ್ಲರ ಮುಟ್ಟೂ ಒಂದೇ ಲೆಕ್ಕದಲ್ಲಿ ಬರುವುದಿಲ್ಲ, ಕತ್ತಿನಲ್ಲಿ ಆ ಸರ ಹಾಕಿಕೊಂಡು ಓಡಾಡುವುದೆಂದರೆ ಗಂಡ ಹೆಂಡಿರ ಗುಟ್ಟನ್ನು ಬೀದಿಗೆ ತಂದಂತೆ.

ಮಾತ್ರೆಯ ಹುಟ್ಟಿನಲ್ಲಿ ಒಂದು ತಮಾಷೆಯಿದೆ. ಬಾಸ್ಟನ್ನಿನ ವೈದ್ಯ ಜಾನ್ ರಾಕ್ ಅದೇ 1950ರ ದಶಕದ ಆರಂಭದಲ್ಲಿ ಹಾರ್ಮೋನು ಕೊಟ್ಟದ್ದು ಮಕ್ಕಳಿಲ್ಲದವರಿಗೆ, ಮಕ್ಕಳಾಗಲಿ ಎಂದು! ಕೆಲವು ತಿಂಗಳು ಅಂಡಾಶಯಕ್ಕೆ ಬಿಡುವು ಕೊಟ್ಟು ಆಮೇಲೆ ಔಷಧ ನಿಲ್ಲಿಸಿದರೆ ಗರ್ಭ ನಿಂತೀತು ಎಂಬುದು ಅವರ ಎಣಿಕೆ. 80 ಮಂದಿಯಲ್ಲಿ 13 ಮಂದಿ ಔಷಧ ಬಿಟ್ಟ ಕೆಲವೇ ತಿಂಗಳಲ್ಲಿ ಬಸಿರಾದರು. ಇದಕ್ಕೆ ‘ರಾಕ್ ರಿಬೌಂಡ್’ ಎಂಬ ಹೆಸರು ಬಿತ್ತು. ಹೋಲಿಸಿ ನೋಡಲು ಔಷಧವಿಲ್ಲದ ಗುಂಪು ಇರಲಿಲ್ಲವಾದ್ದರಿಂದ ಇದನ್ನು ಚಿಕಿತ್ಸೆಯ ಗೆಲುವೆಂದು ಹೇಳಲಾಗದು. ಆದರೂ ಹಾರ್ಮೋನು ಅಂಡಾಶಯವನ್ನು ಕೆಡಿಸುವುದಿಲ್ಲ, ಸುಮ್ಮನಿರಿಸುತ್ತದೆ ಅಷ್ಟೆ ಎಂಬುದಕ್ಕೆ ಮೊದಲ ಗುರುತು ಇಲ್ಲಿ ಸಿಕ್ಕಿತು. ಜೀವವಿಜ್ಞಾನಿ ಗ್ರೆಗರಿ ಪಿಂಕಸ್ ಜೊತೆ ಸೇರಿ ರಾಕ್ ಪರೀಕ್ಷಿಸಿದ ‘ಎನೋವಿಡ್’ ಅಮೆರಿಕದಲ್ಲಿ 1957ರಲ್ಲಿ ಮುಟ್ಟಿನ ತೊಂದರೆಗಳ ಔಷಧವಾಗಿಯೂ 1960ರಲ್ಲಿ ಗರ್ಭನಿರೋಧಕವಾಗಿಯೂ ಒಪ್ಪಿಗೆ ಪಡೆಯಿತು.

ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್, ಎಲ್‌ಎಚ್ ಎಂಬ ಎರಡು ಹಾರ್ಮೋನುಗಳಿಂದ ಅಂಡಾಶಯವನ್ನು ನಡೆಸುತ್ತದೆ. (ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಕೋತಿಗಳಲ್ಲಿ ದೀರ್ಘಕಾಲ ಅಧ್ಯಯನ ಮಾಡಿದ್ದು ಇವೇ ಹಾರ್ಮೋನುಗಳನ್ನು.) ಮಾತ್ರೆ ಇವೆರಡನ್ನೂ ತಗ್ಗಿಸುತ್ತದೆ. ಮಾತ್ರೆ ಬಿಟ್ಟ ಕೆಲವೇ ದಿನಗಳಲ್ಲಿ ಮೈಯಿಂದ ಔಷಧ ಹೋಗಿ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಅಂಡ ಬಿಡುಗಡೆಯಾಗುತ್ತದೆ, ನಾಲ್ಕರಿಂದ ಆರು ವಾರದೊಳಗೆ ನಿಜವಾದ ಮುಟ್ಟು ಬರುತ್ತದೆ. ಮಾತ್ರೆ ನುಂಗುವಾಗ ತಿಂಗಳಿಗೊಮ್ಮೆ ಕಾಣುವ ಸ್ರಾವ ನಿಜವಾದ ಮುಟ್ಟಲ್ಲ, ಹಾರ್ಮೋನು ಇಳಿದದ್ದರಿಂದ ಆಗುವ ಸ್ರಾವ. ಹಾಗಾಗಿ ಮೊದಲು ಮುಟ್ಟು ಅಂಕೆಯಲ್ಲಿಲ್ಲದವರಿಗೆ ಮಾತ್ರೆ ಬಿಟ್ಟ ಮೇಲೆ ಹಳೆಯ ಏರುಪೇರೇ ಮತ್ತೆ ಕಾಣುತ್ತದೆ, ದೂರು ಮಾತ್ರ ಮಾತ್ರೆಯ ಮೇಲೆ ಬರುತ್ತದೆ.

ವೈದ್ಯರೂ ಹೀಗೇ ದೂರಿದರು. 1966ರಲ್ಲಿ ಸಿಡ್ನಿಯ ರಾಡ್ನಿ ಶಿಯರ್‌ಮನ್ ಮಾತ್ರೆ ಬಿಟ್ಟರೂ ಮುಟ್ಟು ಬಾರದವರ ವಿವರ ಪ್ರಕಟಿಸಿದ ಮೇಲೆ ‘ಮಾತ್ರೋತ್ತರ ಮುಟ್ಟುನಿಲುಗಡೆ’ ಒಂದು ಕಾಯಿಲೆಯೆಂಬಂತೆ ಚರ್ಚೆಯಾಯಿತು. ಆಕ್ಸ್‌ಫರ್ಡಿನ ಮಾರ್ಟಿನ್ ವೆಸ್ಸಿ ಮತ್ತು ಸಂಗಡಿಗರು 17,032 ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿ, ತಡವಾಗುವುದು ನಿಜ, ಆದರೆ ಅದು ಕ್ರಮೇಣ ಅಳಿಸಿಹೋಗುತ್ತದೆ ಎಂದು 1978ರಲ್ಲಿ ತೋರಿಸಿದರು. ಆಗಿನ ಮಾತ್ರೆಗಳಲ್ಲಿ ಹಾರ್ಮೋನು ಹೆಚ್ಚಿತ್ತು. ಈಗಿನ ಕಡಿಮೆ ಪ್ರಮಾಣದ ಮಾತ್ರೆಗಳ ಬಗ್ಗೆ ಯುರೋಪಿನಲ್ಲಿ ನಡೆದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಬಸಿರಾಗಲೆಂದು ಮಾತ್ರೆ ಬಿಟ್ಟವರಲ್ಲಿ ಮೊದಲ ಋತುಚಕ್ರದಲ್ಲೇ ಶೇ 21ರಷ್ಟು, ವರ್ಷದೊಳಗೆ ಶೇ 79ರಷ್ಟು ಮಂದಿ ಬಸಿರಾಗಿದ್ದರು. ಮಾತ್ರೆ ನುಂಗದವರ ಲೆಕ್ಕಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಟ್ಟಿ ಸಿಗುವ ‘ಮಾಲಾ-ಎನ್’ ಪಟ್ಟಿಯಲ್ಲಿ 21 ಹಾರ್ಮೋನು ಮಾತ್ರೆ, 7 ಕಬ್ಬಿಣದ ಮಾತ್ರೆ ಇರುತ್ತವೆ. 2011ರಿಂದ ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೇ ತಂದುಕೊಡುವ ಏರ್ಪಾಡೂ ಇದೆ. ಹಾಗಿದ್ದೂ ಕರ್ನಾಟಕದಲ್ಲಿ ಮಾತ್ರೆಯ ಬಳಕೆ ಬಲು ಕಡಿಮೆ. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ವಿವಾಹಿತೆಯರಲ್ಲಿ ಶೇ 57ಕ್ಕೂ ಹೆಚ್ಚು ಮಂದಿ ‘ಆಪರೇಷನ್’ ಮಾಡಿಸಿಕೊಂಡವರು. ಮರಳಿ ಬರುವ ದಾರಿಯಿರುವ ವಿಧಾನಕ್ಕೆ ಹೆದರಿ, ದಾರಿ ಮುಚ್ಚುವ ವಿಧಾನವನ್ನು ನಂಬಿದಂತಾಗಿದೆ. ಇದಕ್ಕೆ ಹೆಂಗಸರಿಗಿಂತ ದಶಕಗಳ ಕಾಲ ಶಸ್ತ್ರಚಿಕಿತ್ಸೆಯ ಗುರಿ ಹಿಡಿದು ಓಡಿದ ಇಲಾಖೆಯೇ ಹೆಚ್ಚು ಹೊಣೆ.

ರಾಜ್ಯದ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಕಾಡುಗೊಲ್ಲ ಸಮುದಾಯದ ಕೆಲವು ಹಟ್ಟಿಗಳಲ್ಲಿ ಮುಟ್ಟಾದವರನ್ನು ಹೊರಗಿರಿಸುವ ರೂಢಿ ಇರುವುದರಿಂದ ಯಾರದು ಬಂತು, ಯಾರದು ತಪ್ಪಿತು ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಮಾತ್ರೆ ಬಿಟ್ಟ ಮೊದಲ ತಿಂಗಳಿನ ಸಹಜ ತಡವೂ ಅಲ್ಲಿ ಮಾತಿಗೆ ಎಡೆಯಾಗಬಹುದು. ಜಾತ್ರೆ, ಹಬ್ಬಕ್ಕೆಂದು ಮುಟ್ಟು ಮುಂದೂಡಲು ಔಷಧದಂಗಡಿಯಿಂದ ತರುವ ನೊರೆಥಿಸ್ಟರೋನ್ ಬೇರೆಯದೇ ಮಾತ್ರೆ. ನಿಲ್ಲಿಸಿದ ಎರಡು ಮೂರು ದಿನದಲ್ಲಿ ಸ್ರಾವವಾಗುತ್ತದೆ, ಹಾಗೆ ನುಂಗಿದರೆ ಗರ್ಭನಿರೋಧಕವೆಂದು ನಂಬುವಂತಿಲ್ಲ.

ಎಲ್ಲ ವಿಧಾನಗಳನ್ನೂ ಒಂದೇ ಎಂದು ನೋಡುವುದು ತಪ್ಪು. ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರ’ ಚುಚ್ಚುಮದ್ದು ಬಿಟ್ಟವರಿಗೆ ಕೊನೆಯ ಸೂಜಿಯಿಂದ ಏಳರಿಂದ ಹತ್ತು ತಿಂಗಳು ತಡವಾಗುವುದು ಸಾಮಾನ್ಯ. ಲಖನೌದಲ್ಲಿ ರೂಪುಗೊಂಡ, ಹಾರ್ಮೋನಿಲ್ಲದ ‘ಛಾಯಾ’ ಮಾತ್ರೆ ನುಂಗುತ್ತಿರುವಾಗಲೇ ಕೆಲವರ ಮುಟ್ಟು ದೂರ ದೂರವಾಗುತ್ತದೆ. ಮಾಲಾ-ಎನ್‌ನಂಥ ಮಾತ್ರೆ ಬಿಟ್ಟು ಮೂರು ತಿಂಗಳಾದರೂ ಮುಟ್ಟು ಕಾಣದಿದ್ದರೆ ಮೊದಲು ಬಸಿರಿನ ಪರೀಕ್ಷೆ, ಅದಿಲ್ಲವಾದರೆ ಥೈರಾಯ್ಡ್, ಪ್ರೊಲ್ಯಾಕ್ಟಿನ್, ಪಿಸಿಓಎಸ್ ಪರೀಕ್ಷೆಗಳನ್ನು ವೈದ್ಯರು ಮಾಡಿಸುತ್ತಾರೆ.